ಮೈಕ್ ದತ್ತಾ ಯಾರ ಕಡೆಯವ

ಕಾರವಾರದಿಂದ ಅಂಕೋಲೆಯವರೆಗೆ ರಸ್ತೆ ಬದಿಯಲ್ಲಿ ಮನೆಯಿದ್ದವರಿಗೆಲ್ಲ ದತ್ತಾ ನಾಯ್ಕನ ದನಿ ಗೊತ್ತಿತ್ತು. ಮುಖ ಗೊತ್ತಿದ್ದವರು ಕಡಿಮೆ. ರೋಹಿತನ ರಿಕ್ಷಾದ ತಲೆಗೆ ಹಾರ್ನ್ ಕಟ್ಟಿ, ಹಿಂದಿನ ಸೀಟಿನಲ್ಲಿ ಒಂದು ಕಾಲು ಮಡಚಿ ಕೂತು, ಮೈಕನ್ನು ತುಟಿಗೆ ತಾಗುವಷ್ಟು ಹತ್ತಿರ ಹಿಡಿದು ಅವನು ಹೇಳುತ್ತ ಹೋಗುತ್ತಿದ್ದ. ನಾಳೆ ಕಣ್ಣಿನ ತಪಾಸಣೆ, ಶನಿವಾರ ಯಕ್ಷಗಾನ, ಸೋಮವಾರ ಇಡೀ ದಿನ ಕರೆಂಟ್ ಇಲ್ಲ, ಹಿಟ್ಟು ಬೀಸಿಸುವವರು ಇವತ್ತೇ ಬೀಸಿಸಿಕೊಳ್ಳಿ. ಕೊನೆಯ ಮಾತು ಚೀಟಿಯಲ್ಲಿ ಇರುತ್ತಿರಲಿಲ್ಲ. ಅಂಥದನ್ನು ಅವನೇ ಸೇರಿಸುತ್ತಿದ್ದ. ಜನ ಅವನನ್ನು ಮೈಕ್ ದತ್ತಾ ಅನ್ನುತ್ತಿದ್ದರು.

ಮನೆ ಭಾವಿಕೇರಿಯಲ್ಲಿ. ಮಳೆಗಾಲ ಭತ್ತ, ಆಮೇಲೆ ಶೇಂಗಾ, ಒಂದಷ್ಟು ಈರುಳ್ಳಿ. ಆ ಗದ್ದೆ ಅವನ ತಂದೆ ಗೇಣಿಗೆ ಮಾಡುತ್ತಿದ್ದದ್ದು. ಕೆಂಪು ಬಾವುಟ ಹಿಡಿದವರ ಜೊತೆ ಅಂಕೋಲೆಯ ಕಚೇರಿಯೆದುರು ಬಿಸಿಲಲ್ಲಿ ಕೂತು, ಕಡೆಗೆ ಉಳುವವನೇ ಒಡೆಯ ಕಾನೂನಿನಲ್ಲಿ ಡಿಕ್ಲರೇಶನ್ ಕೊಟ್ಟು ತನ್ನ ಹೆಸರಿಗೆ ಮಾಡಿಕೊಂಡಿದ್ದ. ಅದೇ ತಂದೆ ಆಷಾಢ ಬಂತೆಂದರೆ ತಾಳ ಹಿಡಿದು ಪಂಢರಪುರಕ್ಕೆ ಹೊರಡುತ್ತಿದ್ದ. ಮಗನಿಗೆ ಎರಡೂ ಬಂದವು. ದತ್ತಾನ ಕೊರಳಲ್ಲಿ ತುಳಸಿಮಾಲೆ, ಏಕಾದಶಿಗೆ ಮೀನು ಮುಟ್ಟುವುದಿಲ್ಲ. ಕಾರ್ಮಿಕರ ಮೆರವಣಿಗೆ ಎದುರಾದರೆ ರಿಕ್ಷಾ ಬದಿಗೆ ನಿಲ್ಲಿಸಿ, ಅದು ದಾಟುವ ತನಕ ಕೆಳಗಿಳಿದು ನಿಲ್ಲುತ್ತಿದ್ದ. ಇವೆರಡಕ್ಕೂ ಜಗಳ ಇದೆಯೆಂದು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಇಲೆಕ್ಷನ್ ಬಂದಾಗ ಬೆಳಿಗ್ಗೆ ಒಂದು ಪಾರ್ಟಿಗೆ ಹೇಳಿ, ಮಧ್ಯಾಹ್ನ ಊಟ ಮಾಡಿ, ಸಂಜೆ ಇನ್ನೊಂದಕ್ಕೆ ಹೇಳುತ್ತಿದ್ದ. ಬ್ಯಾನರ್ ಮಾತ್ರ ಬದಲಾಗುತ್ತಿತ್ತು. ಬಸ್‌ಸ್ಟ್ಯಾಂಡಿನ ಹುಡುಗರು ಕೀಟಲೆ ಮಾಡಿದರೆ ಮೈಕಿನಲ್ಲೇ ಉತ್ತರ: "ಹೇಳೂದು ನನ್ನ ಕೆಲ್ಸ. ಬಂದು ಕೇಳಿ. ಬೇಕಾದ್ದು ಇಟ್ಕಳಿ, ಬ್ಯಾಡಾದ್ದು ಅಲ್ಲೇ ಬಿಟ್ಟು ಬನ್ನಿ."

ಅವನು ಮನಸ್ಸಿಟ್ಟು ಮಾಡುತ್ತಿದ್ದ ಕೆಲಸ ಬೇರೆಯೇ ಇತ್ತು. ಮಳೆಗಾಲದಲ್ಲಿ ಜೋರು ಮಳೆಯೂ ದೊಡ್ಡ ಉಬ್ಬರವೂ ಒಟ್ಟಿಗೆ ಬರುವ ಸೂಚನೆಯಿದ್ದರೆ ಪಂಚಾಯತಿಯವರು ಅವನನ್ನು ಕರೆಸುತ್ತಿದ್ದರು. ಬೆಳಂಬಾರ ದಾಟಿ ಒಳಗೆ ಹೋದರೆ ಗಜನಿ ಗದ್ದೆಗಳು ಸಿಗುತ್ತವೆ, ಸಮುದ್ರದ ಉಪ್ಪುನೀರು ನುಗ್ಗದಂತೆ ಕಟ್ಟೆ ಹಾಕಿದ ತಗ್ಗಿನ ಗದ್ದೆಗಳು. ಅವುಗಳ ಅಂಚಿನಲ್ಲಿ ಹಾಲಕ್ಕಿ ಒಕ್ಕಲಿಗರ ಒಂದು ಕೊಪ್ಪ, ಹತ್ತಾರು ಮನೆಗಳ ಕೇರಿ. ಕಟ್ಟೆ ಒಡೆದರೆ ಮೊದಲು ನೀರು ಬರುವುದು ಅಲ್ಲಿಗೆ. ಆ ಕೊಪ್ಪದ ತುದಿಯಲ್ಲಿ, ಹಳ್ಳದ ಮೇಲಿನ ಮರದ ಸಂಕ ದಾಟಿದರೆ ಒಂಟಿ ಮನೆ, ಬೊಮ್ಮು ಗೌಡಳದು. ಅಂಕೋಲೆ ಪೇಟೆಯಲ್ಲಿ ಬಸಳೆ, ಹರಿವೆ, ಅಬ್ಬಲಿಗೆ ದಂಡೆ ಮಾರುವ ಮುದುಕಿ. ಮಗ ಬೀರಾ ಬಿಣಗಾದಲ್ಲಿ ಕೂಲಿಗೆ ಹೋಗಿ ಅಲ್ಲೇ ಉಳಿಯುತ್ತಿದ್ದ. ವಾರಕ್ಕೊಮ್ಮೆ ಬರುತ್ತಿದ್ದ.

ರಿಕ್ಷಾದ ಸದ್ದು ಕೇಳಿದರೆ ಬೊಮ್ಮಜ್ಜಿ ಸಂಕದ ಮೇಲೆ ಬಂದು ನಿಲ್ಲುವಳು. "ಎಂತದಾ ತಮಾ ಇವತ್ತು?"

ದತ್ತಾ ಮೈಕ್ ಬದಿಗಿಟ್ಟು ಅವಳಿಗೊಬ್ಬಳಿಗೇ ಇನ್ನೊಮ್ಮೆ ಹೇಳುವನು. "ನೀರು ಬತ್ತದೆ ಅಜ್ಜಿ. ಶಾಲೆಗೆ ಹೋಗಿ ಕೂತ್ಕಾ. ಆಡೂ ತಕಂಡು ಹೋಗು."

"ನೀ ಬಂದ್ರೆ ನೀರು ಬತ್ತದೆ ನೋಡು. ನಿಂದೇ ಕಿತಾಪತಿ," ಎಂದು ಬೈಯುತ್ತ, ಆಡನ್ನು ಎಳೆದುಕೊಂಡು, ಕೋಳಿಯನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಅವಳು ಹೊರಡುತ್ತಿದ್ದಳು. ಪ್ರತಿ ಮಳೆಗಾಲವೂ ಹೀಗೇ ನಡೆಯುತ್ತಿತ್ತು.

ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಕಾರವಾರದಲ್ಲಿ ಸಂವಿಧಾನದ ಬಗ್ಗೆ ಒಂದು ಸಭೆ ಏರ್ಪಟ್ಟಿತು. ದತ್ತಾ ಅದಕ್ಕೆ ಹೇಳಿದ. ಅದೇ ವಾರ ಅಂಕೋಲೆಯಲ್ಲಿ ಧರ್ಮಜಾಗೃತಿ ಸಮಾವೇಶ. ಅದಕ್ಕೂ ಹೇಳಿದ. ಯಾರೋ ಮೊದಲನೆಯದನ್ನು ಮೊಬೈಲಿನಲ್ಲಿ ಹಿಡಿದು, ಅವನು ದನಿ ಏರಿಸಿದ ಒಂದು ತುಣುಕನ್ನಷ್ಟೇ ಕತ್ತರಿಸಿ, ಕೆಳಗೆ "ಎಡಚರ ತುತ್ತೂರಿ, ಗಂಜಿ ಗಿರಾಕಿ" ಎಂದು ಬರೆದು ಹರಿಯಬಿಟ್ಟರು. ಅದು ಊರೂರು ತಿರುಗಿ ತಣ್ಣಗಾಗುವ ಮೊದಲೇ ಎರಡನೆಯದು ಬಂತು, ಅವನು ಸಮಾವೇಶಕ್ಕೆ ಹೇಳಿದ್ದು. ಇದನ್ನು ಕಳಿಸಿದವರು ಸಭೆಯ ಕಡೆಯವರು. ಬರೆದದ್ದು: "ಬಾಡಿಗೆ ಭಕ್ತ. ಇಂಥವರಿಂದಲೇ ಜಿಲ್ಲೆಗೆ ಕೋಮುವಾದ ಬಂದದ್ದು."

ಮೊದಮೊದಲು ದತ್ತಾ ನಕ್ಕ. ವಿಡಿಯೊದಲ್ಲಿ ತನ್ನ ದನಿ ಚೆನ್ನಾಗಿದೆ ಎಂದು ಹೆಂಡತಿ ಗೋದಾವರಿಗೆ ಎರಡೆರಡು ಸಲ ಕೇಳಿಸಿದ. ಆಮೇಲೆ ಚಹದಂಗಡಿಯಲ್ಲಿ ಅವನು ಕೂತ ಬೆಂಚಿನಿಂದ ಒಬ್ಬ ಎದ್ದು ಹೋದ. ಭಜನೆಯ ಮನೆಯಲ್ಲಿ ಪ್ರತಿ ವಾರ ಅವನೇ ಎತ್ತಿಕೊಡುತ್ತಿದ್ದ ಅಭಂಗವನ್ನು ಅವನು ಬಾಯಿ ತೆರೆಯುವ ಮುಂಚೆ ಬೇರೆ ಯಾರೋ ಎತ್ತಿಕೊಂಡರು. ಕಾರವಾರದ ಕಾರ್ಮಿಕ ಸಂಘದವರು ಮೇ ದಿನಕ್ಕೆ ಬೇರೆಯವನನ್ನು ಕರೆಸಿದರು. ಜಗಳ ಮಾಡಿದ್ದರೆ ತಿರುಗಿ ಹೇಳುತ್ತಿದ್ದನೇನೋ. ಯಾರೂ ಜಗಳ ಮಾಡಲಿಲ್ಲ. ಸುಮ್ಮನೆ ಜಾಗ ಬಿಟ್ಟು ಕೂತರು.

ಮನೆಯಲ್ಲಿ ಆದದ್ದು ಇದಕ್ಕಿಂತ ಹೆಚ್ಚಿನದು. ಮಗ ನಿತೇಶ ಬಿಣಗಾದ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಸಮಾವೇಶದ ಕಡೆಯವರ ಗುಂಪಿನಲ್ಲಿ ಓಡಾಡುವವನು. ಮೊದಲನೆಯ ವಿಡಿಯೊ ಬಂದಾಗ ಗ್ರೂಪಿನಲ್ಲಿ ಯಾರೋ ಅವನನ್ನೇ ಕೇಳಿದರು. ಅವನು ಬರೆದ: "ಅವರ ವಿಚಾರಕ್ಕೂ ನನಗೂ ಸಂಬಂಧ ಇಲ್ಲ." ಅಪ್ಪ ಎಂಬ ಶಬ್ದವನ್ನೂ ಬರೆದಿರಲಿಲ್ಲ. ಅದನ್ನು ದತ್ತಾನಿಗೆ ತೋರಿಸಿದವರು ಮೂರನೆಯವರು.

ಮಗಳು ನೀತಾ ಕಾರವಾರದ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದಳು. ಸಭೆ ಮಾಡಿದವರೆಲ್ಲ ಅವಳ ಗೆಳೆಯರು. ಎರಡನೆಯ ವಿಡಿಯೊ ಬಂದ ಮೇಲೆ ಮನೆಗೆ ಬಂದಳು. ಕೂರಲೂ ಇಲ್ಲ.

"ಅಪ್ಪಾ, ನೀ ಒಂದ್ಸಲ ಬಂದು ಹೇಳು. ಹೊಟ್ಟೆಪಾಡಿಗೆ ಓದಿದ್ದು, ಅವ್ರ ಜೊತೆ ನಾ ಇಲ್ಲ ಅಂತ. ಅಷ್ಟು ಹೇಳಿದ್ರೆ ಮುಗೀತದೆ."

"ಹೊಟ್ಟೆಪಾಡಿಗೆ ಅಲ್ವೆ ಕೂಸೆ. ದೇವ್ರ ಕೆಲ್ಸ ಅಂತ ಖುಶಿಯಿಂದೇ ಹೇಳಿದ್ದೆ."

"ಹಂಗಾರೆ ಸಂವಿಧಾನದ್ದು?"

"ಅದೂ ಖುಶಿಯಿಂದೇ. ನಮ್ಮ ಗದ್ದೆ ಬಂದದ್ದು ಅದ್ರಿಂದೇ ಅಲ್ದಾ?"

ನೀತಾ ಹಣೆ ಒತ್ತಿಕೊಂಡಳು. "ಎರಡೂ ಆಗೂದಿಲ್ಲ ಅಪ್ಪಾ. ಈಗಿನ ಕಾಲದಲ್ಲಿ ಎರಡೂ ಆಗೂದಿಲ್ಲ."

ಅದೇ ಮಾತನ್ನು ನಿತೇಶನೂ ಹೇಳಿದ್ದ. ಅಣ್ಣ ತಂಗಿ ಮಾತು ಬಿಟ್ಟು ಆಗಲೇ ಬಹಳ ಕಾಲವಾಗಿತ್ತು. ಅವಳು ಅವನಿಗೆ ಭಕ್ತ, ಅವನು ಅವಳಿಗೆ ಬುದ್ಧಿಜೀವಿ. ಹಬ್ಬಕ್ಕೆ ಬಂದರೂ ಗೋದಾವರಿಯ ಮೂಲಕ ಉಪ್ಪು ಕೇಳುವರು. ಈ ಒಂದು ವಿಷಯದಲ್ಲಿ ಮಾತ್ರ ಇಬ್ಬರದೂ ಒಂದೇ ಅಭಿಪ್ರಾಯವಾಗಿತ್ತು.

ಆ ವರ್ಷ ಆಷಾಢದಲ್ಲಿ ಬಿಡದೆ ಮಳೆ. ಕೆಂಪು ಎಚ್ಚರಿಕೆ ಬಂದು ಶಾಲೆಗಳಿಗೆ ರಜೆ ಕೊಟ್ಟ ದಿನ ಬೆಳಿಗ್ಗೆ ಪಂಚಾಯತಿಯಲ್ಲಿ ಅವಸರದ ಮಾತುಕತೆ ನಡೆಯಿತು. ಮಧ್ಯಾಹ್ನ ದೊಡ್ಡ ಉಬ್ಬರ, ತಗ್ಗಿನವರಿಗೆ ಹೇಳಬೇಕು. ದತ್ತಾನ ಹೆಸರು ಬಂದಾಗ ಸದಸ್ಯ ವಿನೋದ ಕೈಯೆತ್ತಿದ. ವಿನೋದ ಕೆಟ್ಟವನಲ್ಲ, ದತ್ತಾನ ಜೊತೆ ಶಾಲೆಗೆ ಹೋದವನ ತಮ್ಮ.

"ಅಂವ ಬ್ಯಾಡ ಮಾರಾಯ್ರೆ. ಅವನ ಕರೆದ್ರೆ ನಮ್ಮ ಹುಡುಗ್ರು ನನ್ನ ಕೇಳ್ತಾರೆ. ಆ ಎಡಚ ಮತ್ತೆ ಯಂತಕ್ಕೆ ಅಂತ."

ಎದುರು ಪಾರ್ಟಿಯ ಸದಸ್ಯ ಎಂದೂ ವಿನೋದನ ಮಾತಿಗೆ ತಲೆಯಾಡಿಸಿದವನಲ್ಲ. ಅವತ್ತು ಆಡಿಸಿದ. "ನಮ್ಮಲ್ಲೂ ಅವನ್ನ ಕಂಡ್ರೆ ಆಗೂದಿಲ್ಲ. ಗ್ರೂಪಿಗೆ ಹಾಕಿ ಬಿಡ್ವಾ. ಈಗ ಯಾರ ಮನೇಲಿ ಮೊಬೈಲ್ ಇಲ್ಲ?"

ಗ್ರೂಪಿಗೆ ಹಾಕಿದರು. ಅದು ಸುತ್ತಿ ಬಳಸಿ ಗೋದಾವರಿಯ ಫೋನಿಗೂ ಬಂತು. ಅವಳು ಒಲೆಯೆದುರು ಕೂತ ಗಂಡನಿಗೆ ಓದಿ ಹೇಳಿದಳು. ದತ್ತಾ ಅಂಗಿ ಹಾಕಿಕೊಂಡು ರಿಕ್ಷಾಕ್ಕಾಗಿ ಕಾದ. ಗಂಜಿ ಉಂಡು ಇನ್ನೊಂದಿಷ್ಟು ಹೊತ್ತು ಕಾದ. ಯಾರೂ ಬರಲಿಲ್ಲ, ಫೋನೂ ಬರಲಿಲ್ಲ. ಆಗ ಎದ್ದು ಕೊಡೆ ಹಿಡಿದು ಬಸ್ಸು ಹತ್ತಿ ಅಂಕೋಲೆಯಲ್ಲಿ ರೋಹಿತನ ರಿಕ್ಷಾ ಸ್ಟ್ಯಾಂಡಿಗೆ ಹೋದ.

ರೋಹಿತ ತಲೆ ತಗ್ಗಿಸಿದ. "ಹಾರ್ನ್ ಕಟ್ಟೂದು ಬ್ಯಾಡ ದತ್ತಣ್ಣ. ಹೋದ್ಸಲ ನಿನ್ನ ಕೂರ್ಸಿಕೊಂಡು ಹೋದದ್ದಕ್ಕೆ ಹುಡ್ರು ನನ್ನ ಗಾಡಿ ಟಾಪು ಹರ್ದು ಹಾಕಿದ್ರು. ಸುಮ್ನೆ ಬಾ, ಕೊಪ್ಪದ ತಿರುವಿನ ತನಕ ಬಿಡ್ತೆ."

ತಿರುವಿನಲ್ಲಿ ಇಳಿದಾಗಲೇ ರಸ್ತೆಯ ಮೇಲೆ ಪಾದ ಮುಳುಗುವಷ್ಟು ನೀರು. ದತ್ತಾ ಕೂಗುತ್ತ ಹೋದ. ಬರಿಯ ಬಾಯಲ್ಲಿ ಕೂಗಿದರೆ ಮಳೆಯಲ್ಲಿ ಎರಡು ಮನೆಯಾಚೆಗೂ ಕೇಳುವುದಿಲ್ಲ. ಆದ್ದರಿಂದ ಒಂದೊಂದೇ ಅಂಗಳಕ್ಕೆ ಇಳಿದು ಬಾಗಿಲು ಬಡಿಯಬೇಕಾಯಿತು. ಒಂದು ಮನೆಯ ಜಗಲಿಯಲ್ಲಿ ಕೂತಿದ್ದ ಹರೆಯದವರು ಅವನ ಒದ್ದೆ ಮುಖ ನೋಡಿ, "ಇವತ್ತು ಯಾವ ಪಾರ್ಟಿದು ದತ್ತಣ್ಣ?" ಎಂದು ನಕ್ಕರು. ಅವನು ಮತ್ತೊಮ್ಮೆ ಹೇಳಿದ. ಅವರು ಹೊರಡಲು ತಡ ಮಾಡಿದರು. ಅವರ ತಾಯಿ ಒಳಗಿಂದ ಬಂದು ಬೈದ ಮೇಲೆ ಎದ್ದರು. ಆ ಮನೆಯಲ್ಲಿ ಅವನಿಗೆ ಬಹಳ ಹೊತ್ತು ಹೋಯಿತು.

ಕೊಪ್ಪದ ಕೊನೆಗೆ ಬರುವಾಗ ಕಟ್ಟೆ ಒಡೆದಿತ್ತು. ಸಂಕ ಕಾಣುತ್ತಿರಲಿಲ್ಲ. ಅದಿದ್ದ ಜಾಗದಲ್ಲಿ ಕಂದು ನೀರು ಸುಳಿಯುತ್ತ ಓಡುತ್ತಿತ್ತು. ಆಚೆ ಬೊಮ್ಮಜ್ಜಿಯ ಮನೆಯ ಹಂಚಿನ ಸೂರು ಕಾಣುತ್ತಿತ್ತು. ದತ್ತಾ ಎರಡೂ ಕೈ ಬಾಯಿಗೆ ಹಿಡಿದು ಅವಳ ಹೆಸರು ಕರೆದ. ಆಡಿನ ಕೂಗು ಕೇಳಿದಂತಾಯಿತು. ನೀರಿಗಿಳಿಯಲು ಹೊರಟವನನ್ನು ಕೊಪ್ಪದ ಇಬ್ಬರು ಸೊಂಟಕ್ಕೆ ಕೈ ಹಾಕಿ ಹಿಡಿದು ನಿಲ್ಲಿಸಿದರು. ದೋಣಿ ತರಲು ಜನ ಓಡಿದ್ದಾರೆ ಎಂದರು. ದೋಣಿ ಬಂದಾಗ ಸೂರು ಕಾಣುತ್ತಿರಲಿಲ್ಲ.

ಮಾರನೆಯ ದಿನ ಇಳಿತದಲ್ಲಿ, ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲ ಗಿಡಗಳ ನಡುವೆ ಬೊಮ್ಮಜ್ಜಿ ಸಿಕ್ಕಿದಳು. ಆಡಿನ ಹಗ್ಗ ಮುಂಗೈಗೆ ಸುತ್ತಿಕೊಂಡೇ ಇತ್ತು.

ಬೀರಾ ಬಿಣಗಾದಿಂದ ಬಂದ. ತಾಯಿಯನ್ನು ಮಣ್ಣು ಮಾಡಿದ ಮೇಲೆ, ಕೊಪ್ಪದ ಕೊನೆಯ ಮನೆಯ ಹೆಂಗಸು ತಡೆದು ತಡೆದು ಹೇಳಿದ ಮಾತನ್ನು ದತ್ತಾನೂ ಅಲ್ಲೇ ನಿಂತು ಕೇಳಿದ. ಬೆಳಿಗ್ಗೆ ಆಕೆಯ ಮಗನ ಫೋನಿಗೆ ಪಂಚಾಯತಿಯ ಸುದ್ದಿ ಬಂದಿತ್ತು. ಆಕೆ ಸಂಕದ ಈಚೆ ನಿಂತು ಕರೆದಿದ್ದಳು, "ಬೊಮ್ಮಕ್ಕಾ, ನೀರು ಬತ್ತದೆ ಅಂಬರು, ಶಾಲಿಗೆ ಹೋಗ್ವಾ ಬಾ." ಮುದುಕಿ ಹರಿವೆ ಬಿಡಿಸುತ್ತ ಕೂತವಳು ತಲೆ ಕೂಡ ಎತ್ತಲಿಲ್ಲವಂತೆ.

"ದೊಡ್ಡ ನೀರು ಬರೂದಾದ್ರೆ ದತ್ತಾ ಬತ್ತಿದ್ದ ಕಾಣೆ," ಅಂದಳಂತೆ. "ಅಂವ ಬರ್ಲಿಲ್ಲ. ಏನಿಲ್ಲ, ನೀ ಹೋಗು."

ಬೀರಾ ದತ್ತಾನ ಕಡೆ ತಿರುಗಿದ. ಸಿಟ್ಟು ಇರಲಿಲ್ಲ. "ಯಾಕೆ ಬರ್ಲಿಲ್ಲ ದತ್ತಣ್ಣ?" ಎಂದು ಕೇಳಿದ, ಬಸ್ಸು ಯಾಕೆ ಬರಲಿಲ್ಲ ಎಂದು ಕೇಳುವ ಹಾಗೆ.

ದತ್ತಾ ಅವನ ಕೈ ಹಿಡಿದುಕೊಂಡ. ಕರೆಯಲಿಲ್ಲ ಎಂದು ಹೇಳಬಹುದಿತ್ತು. ಅದು ನಿಜವೂ ಹೌದು. ಆದರೆ ಅವನಿಗೆ ನೆನಪಾದದ್ದು ಗಂಜಿ ಉಂಡು ಕಾದು ಕೂತದ್ದು.

ಎರಡು ದಿನ ಕಳೆಯುವುದರೊಳಗೆ ಭಾವಿಕೇರಿಯ ಮನೆಗೆ ಜನ ಬಂದರು. ಮೊದಲು ಕಾರವಾರದ ಸಭೆಯವರು. ಹಿಂದುತ್ವದವರ ಒತ್ತಡಕ್ಕೆ ಪಂಚಾಯತಿ ಮಣಿದದ್ದರಿಂದ ಬುಡಕಟ್ಟಿನ ಹೆಂಗಸು ಸತ್ತಳೆಂದು ಕ್ಯಾಮೆರಾ ಮುಂದೆ ದತ್ತಾ ಹೇಳಬೇಕಿತ್ತು. ಅವರ ಬೆನ್ನಿಗೇ ಇನ್ನೊಂದು ಕಡೆಯವರು. ಎಡದವರು ದತ್ತಾನ ಹೆಸರು ಕೆಡಿಸದೆ ಇದ್ದಿದ್ದರೆ ಬಡ ಹಿಂದೂ ಅಜ್ಜಿ ಉಳಿಯುತ್ತಿದ್ದಳು, ಅದನ್ನು ಅವನ ಬಾಯಿಂದಲೇ ಕೇಳಿಸಬೇಕಿತ್ತು. ಇಬ್ಬರೂ ಈಗ ಅವನನ್ನು ದತ್ತಣ್ಣ, ದತ್ತಣ್ಣ ಎಂದು ಕರೆಯುತ್ತಿದ್ದರು. ಇಬ್ಬರೂ ಜಗಲಿಯಲ್ಲಿ ಚಹ ಕುಡಿದರು.

ಅವನು ಎರಡು ಕಡೆಯವರಿಗೂ ಕೇಳಿದ್ದು ಒಂದೇ: "ಅವಳ ಮನೆ ಕಂಡಿದ್ರಾ ನೀವು?"

ಯಾರೂ ಕಂಡಿರಲಿಲ್ಲ. ಅವನು ಎದ್ದು ಒಳಗೆ ಹೋದ. ಎರಡು ಕಡೆಯವರೂ ಹೋಗಿ ಒಂದೊಂದು ಬರೆದು ಹಾಕಿದರು. ಒಬ್ಬರ ಪ್ರಕಾರ ಅವನು ಹೆದರಿದವ, ಇನ್ನೊಬ್ಬರ ಪ್ರಕಾರ ಕೊಂಡುಕೊಂಡವರ ಆಳು.

ನಿತೇಶನೂ ನೀತಾಳೂ ಒಂದೇ ದಿನ ಮನೆಗೆ ಬಂದರು. ಅಪ್ಪನನ್ನು ನೋಡಿ ಹೋಗಲೆಂದೇ ಬಂದವರು. ಊಟಕ್ಕೆ ಕೂತಾಗ ಮಾತು ಶುರುವಾಯಿತು, ಬಹಳ ಕಾಲದ ಮೇಲೆ ನೇರವಾಗಿ ಒಬ್ಬರಿಗೊಬ್ಬರು.

"ಅಜ್ಜಿ ಸತ್ತದ್ದು ನಿಮ್ಮವ್ರಿಂದ," ಎಂದಳು ನೀತಾ.

"ನಮ್ಮವ್ರಾ? ಎರಡನೇ ವಿಡಿಯೊ ಹಾಕಿದ್ದು ಯಾರು? ಅದ್ನ ಹೇಳು ಮೊದ್ಲು."

ಗೋದಾವರಿ ಸಾರಿನ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು. ಆ ಮನೆಯಲ್ಲಿ ಅವಳ ದನಿ ಅಷ್ಟು ಎತ್ತರಕ್ಕೆ ಹೋದದ್ದು ಅದೇ ಮೊದಲು. "ಅಜ್ಜಿ ಸತ್ತದ್ದು ನೀರಲ್ಲಿ! ನಿಮ್ಗೆ ಇಬ್ಬರಿಗೂ ಮೊಲೆ ಕೊಟ್ಟೋಳು ನಾನು. ನಾ ಯಾವ ಕಡೆ ಹೇಳಿ ನೋಡ್ವಾ. ಅದೊಂದು ಹೇಳಿ, ಆಮೇಲೆ ಉಣ್ಣಿ."

ದತ್ತಾ ತಟ್ಟೆ ಹಿಡಿದು ಹಿತ್ತಿಲಿಗೆ ಹೋಗಿ ಬಾವಿಕಟ್ಟೆಯ ಮೇಲೆ ಕೂತು ಉಂಡ. ನಿತೇಶ ಸ್ವಲ್ಪ ಹೊತ್ತಿಗೆ ಹಿಂದೆ ಬಂದ.

"ಅಪ್ಪಾ, ನಾ ಗ್ರೂಪಲ್ಲಿ ಬರೆದಿದ್ದೆ. ನಿಂಗೆ ಗೊತ್ತದೆ ಅಲ್ದಾ?"

"ಗೊತ್ತದೆ."

"ಅಳಿಸ್ದೆ ಅದ್ನ."

"ಆಯ್ತು." ದತ್ತಾ ಕೈ ತೊಳೆದ. ಮಗ ಇನ್ನೇನಾದರೂ ಹೇಳುತ್ತಾನೋ ಎಂದು ಕಾದ. ಮಗನೂ ಹಾಗೇ ಕಾದ. ಆಮೇಲೆ ಇಬ್ಬರೂ ಒಳಗೆ ಬಂದರು. ಸಂಜೆ ಬಸ್ಸಿಗೆ ಅಣ್ಣ ತಂಗಿ ಬೇರೆ ಬೇರೆ ಹೊತ್ತಿಗೆ ಹೊರಟರು. ಇಬ್ಬರೂ ಹೋಗಬೇಕಾದದ್ದು ಕಾರವಾರದ ಕಡೆಗೇ.

ದತ್ತಾ ಮತ್ತೆ ಮೈಕ್ ಹಿಡಿಯಲಿಲ್ಲ. ಚೌತಿಯ ಹೊತ್ತಿಗೆ ವಿನೋದ ಬಂದು, ಹೊಸಿಲ ಹೊರಗೇ ನಿಂತು, ತಪ್ಪಾಯಿತು ಎಂದ. ಪಂಚಾಯತಿ ಕೆಲಸಕ್ಕಾದರೂ ಬಾ ಎಂದ. ಅವನ ಕಣ್ಣು ಕೆಂಪಗಾಗಿತ್ತು. ದತ್ತಾ ಅವನನ್ನು ಒಳಗೆ ಕರೆದು ಕೂರಿಸಿದ.

"ನಿನ್ನ ಮೇಲೆ ಸಿಟ್ಟಿಲ್ಲ ಮಾರಾಯ. ಆದ್ರೆ ನಾ ಹೇಳಿದ್ರೆ ಜನ ಈಗ ಮಾತು ಕೇಳೂದಿಲ್ಲ. ಹೇಳಿದಂವ ಯಾರು ಅಂತ ನೋಡ್ತಾರೆ. ನೀರಿನ ಸುದ್ದಿ ಹಂಗೆ ನೋಡ್ತ ಕೂತ್ರೆ ಆಗೂದಿಲ್ಲ. ಬೇರೆ ಯಾರ ಹತ್ರಾದ್ರೂ ಹೇಳ್ಸು."

ಈಗ ಅಲ್ಲಿ ಮೊದಲೇ ದನಿ ತುಂಬಿಸಿಟ್ಟ ಪೆಟ್ಟಿಗೆಯೊಂದು ಗಾಡಿಯ ಮೇಲೆ ಕೂತು ಮಾತಾಡುತ್ತದೆ. ಹೆಂಗಸಿನ ದನಿ, ಸ್ಪಷ್ಟವಾಗಿದೆ. ಯಾವ ಊರ ಕನ್ನಡವೆಂದು ಗೊತ್ತಾಗುವುದಿಲ್ಲ.

ದತ್ತಾ ಭಾವಿಕೇರಿಯಲ್ಲಿ ಶೇಂಗಾ ಬೆಳೆಯುತ್ತಾನೆ. ಚಹದಂಗಡಿಯಲ್ಲಿ ಯಾರಾದರೂ ಪೇಪರು ತೋರಿಸಿ ಏನನ್ನುತ್ತೀ ಎಂದರೆ, ಗೊತ್ತಿಲ್ಲ ಎನ್ನುತ್ತಾನೆ. ಮಾವು ಈ ಸಲ ಹೇಗೆ ಎಂದು ಕೇಳಿದರೂ ಅಷ್ಟೇ. ಒಂದು ಕಾಲದಲ್ಲಿ ಬಸ್ಸಿನ ಟೈಮಿನಿಂದ ಹಿಡಿದು ದೆಲ್ಲಿಯ ತನಕ ಎಲ್ಲದಕ್ಕೂ ಅವನ ಬಳಿ ಒಂದು ಮಾತು ಇರುತ್ತಿತ್ತು. ಭಜನೆಗೆ ಈಗ ಅವರೇ ಕರೆಯುತ್ತಾರೆ. ಹೋಗಿ ಹಿಂದಿನ ಸಾಲಿನಲ್ಲಿ ಕೂತು ತಾಳ ಹಾಕಿ ಬರುತ್ತಾನೆ.

ಕಳೆದ ಮಳೆಗಾಲದಲ್ಲಿ ಮೊದಲ ಕೆಂಪು ಎಚ್ಚರಿಕೆ ಬಂದ ದಿನ ಅವನು ಬೆಳಕು ಹರಿಯುತ್ತಲೇ ಮನೆ ಬಿಟ್ಟ. ಯಾರೂ ಕರೆದಿರಲಿಲ್ಲ. ಕೊಪ್ಪದಲ್ಲಿ ಒಂದೊಂದೇ ಮನೆಗೆ ಹೋಗಿ, ಜಗಲಿಯ ಕಂಬ ಹಿಡಿದು ನಿಂತು, ತಗ್ಗಿದ ದನಿಯಲ್ಲಿ ಹೇಳಿದ. ಹಳಬರು ಏನೂ ಕೇಳದೆ ಗಂಟು ಕಟ್ಟತೊಡಗಿದರು. ಒಂದು ಮನೆಗೆ ಹೊಸದಾಗಿ ಮದುವೆಯಾಗಿ ಬಂದ ಸೊಸೆ ಬಾಗಿಲಲ್ಲಿ ನಿಂತು ಅವನನ್ನು ಮೇಲೆ ಕೆಳಗೆ ನೋಡಿದಳು. "ನೀವು ಯಾರ ಕಡೆಯವ್ರು?" ಎಂದಳು. ಯಾರ ಮನೆಯ ನೆಂಟರು ಎಂದಷ್ಟೇ ಅವಳು ಕೇಳಿದ್ದು.

ದತ್ತಾ ಕಂಬ ಬಿಟ್ಟು ಅಂಗಳಕ್ಕೆ ಇಳಿದ. ಅವಳು ಗಾಬರಿಯಾಗಿ ಒಳಗಿನವರನ್ನು ಕರೆಯಲು ತಿರುಗಿದಾಗ, "ಯಾರ ಕಡೇನೂ ಅಲ್ವೆ ತಂಗಿ," ಎಂದ. "ನೀ ಮೊದ್ಲು ಅತ್ತೆನ ಕರ್ಕಂಡು ಶಾಲೆಗೆ ಹೋಗು. ಹೊತ್ತಾಯ್ತು." ಹೀಗೆಂದವನು ಅವಳು ಹೊರಡುವುದನ್ನು ನೋಡಲು ಮಳೆಯಲ್ಲೇ ಅಂಗಳದಲ್ಲಿ ನಿಂತುಕೊಂಡ.